ವಿಂಡೋಸ್ 98ಕ್ಕೆ ನೆಟ್ ಬರ್ತಿಲ್ವಾ? ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

ಉಡುಪಿ ರಥಬೀದಿಯಿಂದ ಸ್ವಲ್ಪ ಒಳಗೆ ನನ್ನ ಮಾವನ ಸಣ್ಣ ಪ್ರೆಸ್ ಇದೆ. ಮದುವೆ ಕಾಗದ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್, ಬ್ರಹ್ಮಕಲಶದ ಆಮಂತ್ರಣ, ಅಂಗಡಿಯವರ ಬಿಲ್ ಬುಕ್ಕು, ಇಂಥ ಕೆಲಸ. ಅಲ್ಲಿದ್ದ ಕಂಪ್ಯೂಟರಿನಲ್ಲಿ ವಿಂಡೋಸ್ 98, ಪುಟ ಜೋಡಿಸುವ ಪೇಜ್‌ಮೇಕರ್ 6.5, ಜೊತೆಗೆ ಯೂನಿಕೋಡ್ ಬರುವ ಮೊದಲಿನ ಕನ್ನಡ ಫಾಂಟುಗಳು. ಇಪ್ಪತ್ತು ವರ್ಷದ ಡಿಸೈನ್ ಎಲ್ಲ ಅದರಲ್ಲೇ. ಮಳೆ ಹಿಡಿಯುವ ಮೊದಲು ಬರುತ್ತದಲ್ಲ, ಆ ಸಿಡಿಲಿಗೆ ಮದರ್‌ಬೋರ್ಡ್ ಹೋಯಿತು. ಹಾರ್ಡ್ ಡಿಸ್ಕ್ ಪುಣ್ಯಕ್ಕೆ ಉಳಿಯಿತು. ಅದರ ಪೂರ್ತಿ ನಕಲು ತೆಗೆದು ಹೊಸ ಲ್ಯಾಪ್‌ಟಾಪಿನ ಒಳಗೆ ವರ್ಚುವಲ್‌ಬಾಕ್ಸಿನಲ್ಲಿ, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಪ್ರೋಗ್ರಾಂನಲ್ಲಿ, ಕೂರಿಸಿದೆ. ಹೊಸ ಹಾರ್ಡ್‌ವೇರ್ ಸಿಕ್ಕಿತು ಅಂತ ಹತ್ತು ಸಲ ಹೇಳಿ, ಹತ್ತು ಸಲ ರೀಸ್ಟಾರ್ಟ್ ಆಗಿ, ಕೊನೆಗೆ ಮಾವನ ಹಳೇ ಡೆಸ್ಕ್‌ಟಾಪ್ ಐಕಾನ್ ಸಮೇತ ಎದ್ದು ಬಂತು.

ಮಾವ ಎರಡು ನಿಮಿಷ ಸುಮ್ನೆ ನೋಡಿದರು. ಆಮೇಲೆ ಕೇಳಿದರು: "ಎಲ್ಲ ಸರಿ ಮಾರಾಯ, ಇದರೊಳಗಿಂದ ಫೈಲ್ ಹೊರಗೆ ಬರುವುದು ಹೇಗೆ?"

ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಮೂರು ರಾತ್ರಿ ಬೇಕಾಯಿತು. ನಿಮಗೆ ಅಷ್ಟು ಮಂಡೆಬಿಸಿ ಆಗದಿರಲಿ ಅಂತ ಈ ಲೇಖನ.

ನನ್ನ ತಪ್ಪು ಏನಿತ್ತು ಅಂದರೆ, "ನೆಟ್ ಬರ್ತಿಲ್ಲ" ಅನ್ನುವುದನ್ನು ಒಂದೇ ಕಾಯಿಲೆ ಅಂದುಕೊಂಡೆ. ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಬದಲಿಸಿದೆ. ಮಂಗಳೂರಿನಿಂದ ಉಡುಪಿಗೆ ಹೊರಟ ಬಸ್ ಬರಲಿಲ್ಲ ಅಂದರೆ ನಾವೇನು ಮಾಡುತ್ತೇವೆ? ಫೋನ್ ಮಾಡಿ ಕೇಳುತ್ತೇವೆ: ಸುರತ್ಕಲ್ ದಾಟಿತಾ? ಮೂಲ್ಕಿ? ಪಡುಬಿದ್ರಿ? ಕಾಪು? ಇಲ್ಲಿಯೂ ಅಷ್ಟೇ. ಡೇಟಾ ಯಾವ ಸ್ಟಾಪಿನವರೆಗೆ ಬಂದಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಜವಾದ ಲ್ಯಾಪ್‌ಟಾಪನ್ನು 'ಹೊರಗಿನದು' ಅಂತಲೂ, ಎಮ್ಯುಲೇಟರಿನಲ್ಲಿ (ಹಳೇ ಹಾರ್ಡ್‌ವೇರನ್ನು ಸಾಫ್ಟ್‌ವೇರಿನಲ್ಲೇ ಅನುಕರಿಸುವ ಪ್ರೋಗ್ರಾಂ) ಓಡುವ ಹಳೇ ವಿಂಡೋಸನ್ನು 'ಒಳಗಿನದು' ಅಂತಲೂ ಕರೆಯುತ್ತೇನೆ. ವರ್ಚುವಲ್‌ಬಾಕ್ಸ್ ಎಮ್ಯುಲೇಟರ್ ಅಲ್ಲ, ವರ್ಚುವಲೈಸರ್ ಅಂತ ಯಾರಾದರೂ ತಕರಾರು ತೆಗೆಯಬಹುದು. ಸರಿಯೇ. ಆದರೆ ಅದರೊಳಗಿನ ನೆಟ್‌ವರ್ಕ್ ಕಾರ್ಡ್ ಮಾತ್ರ ಪೂರ್ತಿ ಎಮ್ಯುಲೇಟ್ ಮಾಡಿದ್ದೇ, ನಮಗೆ ಬೇಕಾದದ್ದೂ ಅದೇ.

ಏನನ್ನೂ ಮುಟ್ಟುವ ಮೊದಲು ಒಂದು ಸ್ನ್ಯಾಪ್‌ಶಾಟ್, ಅಂದರೆ ಬೇಕಾದಾಗ ಹಿಂದಿರುಗಲು ಯಂತ್ರದ ಈಗಿನ ಸ್ಥಿತಿಯ ಪ್ರತಿ, ತೆಗೆದಿಡಿ. ವಿಂಡೋಸ್ 98ರಲ್ಲಿ ಒಂದು ಡ್ರೈವರ್ ತಪ್ಪಾದರೂ ಮತ್ತೆ ಬೂಟ್ ಆಗದೇ ಇರಬಹುದು. ನನಗೆ ಒಮ್ಮೆ ಆಗಿದೆ.

ಒಳಗೆ ವೈಫೈ ಹುಡುಕಬೇಡಿ

ಮೊದಲು ಹೊರಗಿನ ಲ್ಯಾಪ್‌ಟಾಪಿನಲ್ಲಿ ನೆಟ್ ಇದೆಯಾ ನೋಡಿ. ನಗಬೇಡಿ. ಜೋರು ಮಳೆಗೆ ಎಲ್ಲೋ ಮರ ಬಿದ್ದು ಫೈಬರ್ ಕಡಿದಿರುತ್ತದೆ, ನಾವು ಒಳಗಿನ ವಿಂಡೋಸಿಗೆ ಬೈಯುತ್ತಾ ಕೂತಿರುತ್ತೇವೆ.

ಲ್ಯಾಪ್‌ಟಾಪ್ ವೈಫೈಯಲ್ಲಿದ್ದರೂ ಒಳಗಿನ ವಿಂಡೋಸಿಗೆ ಅದು ಗೊತ್ತೇ ಆಗುವುದಿಲ್ಲ. ಅದಕ್ಕೆ ಕಾಣುವುದು ಕೇಬಲ್ ಸಿಕ್ಕಿಸಿದ ಒಂದು ಮಾಮೂಲಿ ಈಥರ್ನೆಟ್ ಕಾರ್ಡ್ ಮಾತ್ರ. ಆ ಕಾರ್ಡನ್ನು ಎಮ್ಯುಲೇಟರ್ ತೋರಿಸುತ್ತದೆ. ಹಾಗಾಗಿ ಒಳಗೆ ವೈಫೈ ಐಕಾನ್ ಹುಡುಕುವುದು, ವೈಫೈ ಡ್ರೈವರ್ ಹಾಕುವುದು, ಎಲ್ಲ ದಂಡ.

ಈಗ ವರ್ಚುವಲ್‌ಬಾಕ್ಸಿನಲ್ಲಿ ಆ ಯಂತ್ರದ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಪುಟಕ್ಕೆ ಹೋಗಿ. ನೋಡಬೇಕಾದ್ದು ಮೂರು. 'ಅಟ್ಯಾಚ್ಡ್ ಟು' ಎದುರು ನ್ಯಾಟ್ ಅಂತ ಇರಲಿ, ಅಂದರೆ ಒಳಗಿನದು ಹೊರಗಿನ ಲ್ಯಾಪ್‌ಟಾಪಿನ ಹೆಸರಿನಲ್ಲೇ ನೆಟ್ಟಿಗೆ ಹೋಗುವ ರೀತಿ. 'ಕೇಬಲ್ ಕನೆಕ್ಟೆಡ್' ಅನ್ನುವ ಸಣ್ಣ ಚೌಕದಲ್ಲಿ ಟಿಕ್ ಇರಲಿ. ಇದೇ ನಮ್ಮ ಕೇಬಲ್, ಟಿಕ್ ತೆಗೆದರೆ ಕೇಬಲ್ ಕಿತ್ತ ಹಾಗೆ. ಮೂರನೆಯದು 'ಅಡಾಪ್ಟರ್ ಟೈಪ್', ಅಂದರೆ ಯಾವ ಕಾರ್ಡ್ ಅಂತ. ಜಾಸ್ತಿ ಜನ ಎಡವುವುದು ಇಲ್ಲೇ.

ಇಂಟೆಲ್ ಪ್ರೊ 1000 ಎಂಟಿ ಡೆಸ್ಕ್‌ಟಾಪ್ ಕಾರ್ಡ್ ವಿಸ್ಟಾ ಮತ್ತು ಅದರ ನಂತರದ ವಿಂಡೋಸಿಗೆ ಸರಿ. ವಿಂಡೋಸ್ 98ಕ್ಕೆ ಅದರ ಗುರುತೇ ಇಲ್ಲ. 98ಕ್ಕೆ ಪಿಸಿನೆಟ್ ಹೆಸರಿನ ಎಎಂಡಿ ಕಾರ್ಡ್ ಆರಿಸಿ. ಅದರ ಡ್ರೈವರ್ ವಿಂಡೋಸ್ 98ರ ಸಿಡಿಯಲ್ಲೇ ಇದೆ. ಎಕ್ಸ್‌ಪಿಗೆ ಪಿಸಿನೆಟ್ ಫಾಸ್ಟ್ 3 ಆಗುತ್ತದೆ, ಇಲ್ಲವೇ ಇಂಟೆಲ್ ಪ್ರೊ 1000 ಟಿ ಸರ್ವರ್. ಎಕ್ಸ್‌ಪಿ ಎರಡನ್ನೂ ತಾನೇ ಗುರುತಿಸುತ್ತದೆ. ಯಂತ್ರ ಪೂರ್ತಿ ಆಫ್ ಇರುವಾಗ ಮಾತ್ರ ಕಾರ್ಡ್ ಬದಲಿಸಲು ಬಿಡುತ್ತದೆ ಅನ್ನುವುದು ನೆನಪಿರಲಿ.

'ಅಟ್ಯಾಚ್ಡ್ ಟು' ಪಟ್ಟಿಯಲ್ಲೇ ಇರುವ ಬ್ರಿಡ್ಜ್ ಯಾಕೆ ಬೇಡ ಅಂತ ಕೇಳಬಹುದು. ಬ್ರಿಡ್ಜ್‌ನಲ್ಲಿ ಒಳಗಿನ ಯಂತ್ರ ನಿಮ್ಮ ರೌಟರಿಗೆ ಇನ್ನೊಂದು ಬೇರೆಯೇ ಕಂಪ್ಯೂಟರ್ ಆಗಿ ಕಾಣಲು ಹೊರಡುತ್ತದೆ. ಕೇಬಲ್ ಇದ್ದರೆ ತೊಂದರೆ ಇಲ್ಲ. ವೈಫೈಯಲ್ಲಿ ರೌಟರ್ ತನ್ನ ಹತ್ತಿರ ಲಾಗಿನ್ ಆದ ಯಂತ್ರದ ಮ್ಯಾಕ್ ವಿಳಾಸವನ್ನಷ್ಟೇ (ನೆಟ್‌ವರ್ಕ್ ಕಾರ್ಡಿನ ಸ್ವಂತ ಗುರುತಿನ ಸಂಖ್ಯೆ) ಒಪ್ಪುತ್ತದೆ. ಹಾಗಾಗಿ ವರ್ಚುವಲ್‌ಬಾಕ್ಸ್ ವಿಳಾಸ ಬದಲಿಸುವ ಏನೇನೋ ಸರ್ಕಸ್ ಮಾಡಬೇಕಾಗುತ್ತದೆ, ಅದು ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ. ಇನ್ನೊಂದು ಕಾರಣವೂ ಇದೆ. ವಿಂಡೋಸ್ 98ಕ್ಕೆ ಮೈಕ್ರೋಸಾಫ್ಟ್‌ನ ಸಪೋರ್ಟ್ ನಿಂತದ್ದು 2006ರ ಜುಲೈ 11ಕ್ಕೆ, ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ. ಬಾಗಿಲು ಚಿಲಕ ಇಲ್ಲದ ಇಂಥ ಮನೆಯನ್ನು ರಸ್ತೆಗೆ ಮುಖ ಮಾಡಿ ಇಡುವುದು ಬೇಡ. ನ್ಯಾಟ್‌ನಲ್ಲಿದ್ದರೆ ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ತಾವಾಗಿ ಒಳಗೆ ಬರಲಾರರು.

ಡ್ರೈವರ್ ಸ್ಟಾಪ್

ಒಳಗಿನ ವಿಂಡೋಸ್ 98 ಎದ್ದ ಕೂಡಲೇ ಹೊಸ ಕಾರ್ಡ್ ಸಿಕ್ಕಿತು ಅನ್ನುತ್ತದೆ, ಕೂಡಲೇ ವಿಂಡೋಸ್ 98ರ ಸಿಡಿ ಹಾಕಿ ಅನ್ನುತ್ತದೆ. ಪ್ರತಿ ಸಣ್ಣ ಬದಲಾವಣೆಗೂ ಮತ್ತೆ ಕೇಳುತ್ತದೆ. ಸಿಡಿಯೊಳಗಿನ ವಿನ್98 ಫೋಲ್ಡರನ್ನು ಒಂದೇ ಸಲ ಸಿ ಡ್ರೈವಿಗೆ ಕಾಪಿ ಮಾಡಿಡಿ. ಹಿಂದೆ ಕಂಪ್ಯೂಟರ್ ಕಂಪನಿಗಳು ವಿಂಡೋಸ್ ಫೋಲ್ಡರ್ ಒಳಗೆ ಆಪ್ಷನ್ಸ್, ಅದರೊಳಗೆ ಕ್ಯಾಬ್ಸ್ ಅಂತ ಇದಕ್ಕೆಂದೇ ಜಾಗ ಮಾಡಿ ಕೊಡುತ್ತಿದ್ದವು. ಅಲ್ಲೇ ಹಾಕಿ. ಮತ್ತೆ ಕೇಳಿದಾಗ ಆ ದಾರಿ ತೋರಿಸಿದರೆ ಆಯಿತು.

ಆಮೇಲೆ ಮೈ ಕಂಪ್ಯೂಟರ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಡಿವೈಸ್ ಮ್ಯಾನೇಜರ್. ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ಎಎಂಡಿ ಪಿಸಿನೆಟ್ ಹೆಸರು ಹಳದಿ ಗುರುತು ಇಲ್ಲದೆ ಕಾಣಬೇಕು.

ನಿಜವಾದ ಯಂತ್ರದ ಡಿಸ್ಕ್ ನಕಲು ಮಾಡಿ ತಂದವರಿಗೆ ಇಲ್ಲೊಂದು ಭೂತ ಕಾದಿರುತ್ತದೆ. ಸತ್ತ ಮದರ್‌ಬೋರ್ಡಿನಲ್ಲಿದ್ದ ಹಳೇ ನೆಟ್‌ವರ್ಕ್ ಕಾರ್ಡ್ ವಿಂಡೋಸಿನ ಲೆಕ್ಕದಲ್ಲಿ ಇನ್ನೂ ಬದುಕಿದೆ. ಸೇಫ್ ಮೋಡಿನಲ್ಲಿ ಬೂಟ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದರೆ ಅದು ಕಾಣುತ್ತದೆ. ತೆಗೆದುಹಾಕಿ. ಎಕ್ಸ್‌ಪಿಯಲ್ಲಿ ಇದೇ ಭೂತ ಬೇರೆ ರೀತಿ ಮಾತಾಡುತ್ತದೆ: ನೀವು ಕೊಟ್ಟ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಯಂತ್ರಕ್ಕಿರುವ ಅಂಕಿಯ ವಿಳಾಸ) ಆಗಲೇ ಇನ್ನೊಂದು ಅಡಾಪ್ಟರಿಗೆ ಕೊಟ್ಟಾಗಿದೆ ಅನ್ನುತ್ತದೆ, ಆ ಇನ್ನೊಂದು ಎಲ್ಲಿ ಅಂತ ಮಾತ್ರ ತೋರಿಸುವುದಿಲ್ಲ.

ವಿಂಡೋಸ್ 95 ಇಟ್ಟುಕೊಂಡವರಿಗೆ ಇನ್ನೂ ವಿಚಿತ್ರ ಸಮಸ್ಯೆ. ನೆಟ್‌ವರ್ಕ್ ಕಾರ್ಡ್ ಹಾಕಿ ರೀಸ್ಟಾರ್ಟ್ ಮಾಡಿದರೆ 'ವಿಂಡೋಸ್ ಪ್ರೊಟೆಕ್ಷನ್ ಎರರ್' ಬಂದು ಅಲ್ಲೇ ನಿಲ್ಲುತ್ತದೆ. ಕಾರ್ಡ್ ಹಾಳಾಗಿದೆ ಅಂತಲ್ಲ. ನಿಮ್ಮ ಪ್ರೊಸೆಸರ್ ಜಾಸ್ತಿ ವೇಗದ್ದು! ವಿಂಡೋಸಿನ ಎನ್‌ಡಿಐಎಸ್ ಅನ್ನುವ ನೆಟ್‌ವರ್ಕ್ ಭಾಗ ಶುರುವಿನಲ್ಲಿ ಸಮಯ ಅಳೆಯಲು ಒಂದು ಲೆಕ್ಕ ಮಾಡುತ್ತದೆ. ಪ್ರೊಸೆಸರ್ 2.1 ಗಿಗಾಹರ್ಟ್ಸ್ ದಾಟಿದರೆ ಆ ಲೆಕ್ಕ ತಪ್ಪಿ ಬಿದ್ದುಬಿಡುತ್ತದೆ. ಅಷ್ಟು ವೇಗದ ಯಂತ್ರ ಬರಬಹುದು ಅಂತ 1995ರಲ್ಲಿ ಯಾರು ಅಂದುಕೊಂಡಿದ್ದರು? ಇದಕ್ಕೆ ಫಿಕ್ಸ್95ಸಿಪಿಯು ಅನ್ನುವ ಪ್ಯಾಚ್ ಇದೆ. ಇಲ್ಲದಿದ್ದರೆ 86ಬಾಕ್ಸ್ ಅನ್ನುವ ಎಮ್ಯುಲೇಟರ್ ಬಳಸಿ, ಅದು ಪೆಂಟಿಯಂ ಕಾಲದ ವೇಗಕ್ಕೆ ಇಳಿದೇ ಓಡುತ್ತದೆ. ಇನ್ನು ಹೊಸ ರೈಜನ್ ಲ್ಯಾಪ್‌ಟಾಪಿನಲ್ಲಿ 98 ಸುಮ್ಮಸುಮ್ಮನೆ ಬೀಳುತ್ತಿದ್ದರೆ ಅದು ನೆಟ್‌ವರ್ಕಿನ ವಿಷಯವೇ ಅಲ್ಲ. ಪ್ಯಾಚರ್9ಎಕ್ಸ್ ಅನ್ನುವ ಪ್ಯಾಚ್ ಹುಡುಕಿ, ಅದನ್ನು ಹಾಕಿಕೊಂಡು ಮತ್ತೆ ಇಲ್ಲಿಗೆ ಬನ್ನಿ.

ವಿಳಾಸ ಸಿಕ್ಕಿತಾ?

ಸ್ಟಾರ್ಟ್, ರನ್. ಅಲ್ಲಿ ವಿನ್‌ಐಪಿಸಿಎಫ್‌ಜಿ ಅಂತ ಟೈಪ್ ಮಾಡಿ, ಅಂದರೆ ಡಬ್ಲ್ಯು-ಐ-ಎನ್-ಐ-ಪಿ-ಸಿ-ಎಫ್-ಜಿ, ನಡುವೆ ಜಾಗ ಬಿಡದೆ. ಒಂದು ಸಣ್ಣ ಕಿಟಕಿ ಬರುತ್ತದೆ. ಅದರಲ್ಲಿ ಐಪಿ ವಿಳಾಸ 0.0.0.0 ಅಂತ ಇರುತ್ತದೆ. ನಾನು ಮೊದಲನೇ ರಾತ್ರಿ ಪೂರ್ತಿ ಕಳೆದದ್ದು ಈ ಕಿಟಕಿಯ ಎದುರು.

ಗಮನಿಸಿ, ಮೇಲಿನ ಪಟ್ಟಿಯಲ್ಲಿ 'ಪಿಪಿಪಿ ಅಡಾಪ್ಟರ್' ಅಂತ ಬರೆದಿರುತ್ತದೆ. ಅದು ಡಯಲ್ ಅಪ್ ಮೋಡೆಮಿನದ್ದು. ಟೆಲಿಫೋನ್ ಲೈನಿನಲ್ಲಿ ಕೀಂಯ್ ಅಂತ ಕೂಗಿ ಕನೆಕ್ಟ್ ಆಗುತ್ತಿತ್ತಲ್ಲ, ಅದು. ಈಗ ಮೋಡೆಮೂ ಇಲ್ಲ, ಲೈನೂ ಇಲ್ಲ, ಸೊನ್ನೆ ತೋರಿಸದೆ ಮತ್ತೇನು ಮಾಡೀತು? ಪಕ್ಕದ ಬಾಣ ಒತ್ತಿ ಪಟ್ಟಿ ಇಳಿಸಿ, ಎಎಂಡಿ ಕಾರ್ಡನ್ನು ಆರಿಸಿ. ಈಗ ಕಾಣುವ ಅಂಕಿಯೇ ನಿಜ.

10.0.2.15 ಕಂಡರೆ ಒಳ್ಳೆಯ ಸುದ್ದಿ. ವರ್ಚುವಲ್‌ಬಾಕ್ಸಿನ ನ್ಯಾಟ್ ಇರಲಿ, ಕ್ಯೂಎಮು ಅನ್ನುವ ಇನ್ನೊಂದು ಎಮ್ಯುಲೇಟರಿನ ಯೂಸರ್ ನೆಟ್‌ವರ್ಕ್ ಇರಲಿ, 86ಬಾಕ್ಸಿನಲ್ಲಿ ಇದೇ ಕೆಲಸ ಮಾಡುವ ಸ್ಲರ್ಪ್ ಇರಲಿ, ಮೂರೂ ಮಾಮೂಲಾಗಿ ಕೊಡುವುದು ಈ ವಿಳಾಸವನ್ನೇ. ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲು, 10.0.2.2. ಇದು ಕಂಡರೆ ಕಾರ್ಡ್ ಸರಿ, ಡ್ರೈವರ್ ಸರಿ, ಎಮ್ಯುಲೇಟರ್ ಸರಿ. ಬಸ್ ಮೂಲ್ಕಿ ದಾಟಿದೆ.

169.254ರಿಂದ ಶುರುವಾಗುವ ವಿಳಾಸ ಕಂಡರೆ, ಒಳಗಿನ ವಿಂಡೋಸ್ 'ನನಗೊಂದು ವಿಳಾಸ ಕೊಡಿ' ಅಂತ ಕೂಗಿದೆ, ಯಾರೂ ಓಗೊಡಲಿಲ್ಲ, ಸಾಕಾಗಿ ತಾನೇ ಒಂದು ಇಟ್ಟುಕೊಂಡಿದೆ ಅಂತ ಅರ್ಥ. ಕೇಬಲ್ ಟಿಕ್ ಮತ್ತೆ ನೋಡಿ. ರಿಲೀಸ್ ಒತ್ತಿ, ರಿನ್ಯೂ ಒತ್ತಿ. 192.168ರಿಂದ ಶುರುವಾಗುವ ಯಾವುದೋ ಹಳೇ ವಿಳಾಸ ಇದ್ದರೆ, ಹಿಂದೆ ಯಾರೋ ಕೈಯಾರೆ ಬರೆದಿಟ್ಟದ್ದು. ಕಂಟ್ರೋಲ್ ಪ್ಯಾನೆಲ್ಲಿನ ನೆಟ್‌ವರ್ಕ್‌ಗೆ ಹೋಗಿ. ಅಲ್ಲಿ ಟಿಸಿಪಿ ಐಪಿ (ಇಂಟರ್ನೆಟ್ಟಿನ ಭಾಷೆ) ಎರಡು ಸಲ ಇರುತ್ತದೆ, ಒಂದು ಡಯಲ್ ಅಪ್ ಕಡೆಗೆ ಬಾಣ ತೋರಿಸುವುದು, ಇನ್ನೊಂದು ಎಎಂಡಿ ಕಡೆಗೆ. ಎರಡನೆಯದರ ಪ್ರಾಪರ್ಟೀಸ್ ತೆರೆದು ವಿಳಾಸ ತಾನಾಗಿ ಪಡೆಯುವಂತೆ ಮಾಡಿ. ಮೊದಲನೆಯದನ್ನು ಎಷ್ಟು ತಿದ್ದಿದರೂ ಏನೂ ಆಗುವುದಿಲ್ಲ. ವಿಂಡೋಸ್ 95ರಲ್ಲಿ ಟಿಸಿಪಿ ಐಪಿ ಪಟ್ಟಿಯಲ್ಲೇ ಇಲ್ಲದಿರಬಹುದು. ಅದು ನೆಟ್‌ಬಿಯೂಯಿ, ಐಪಿಎಕ್ಸ್ ಅನ್ನುವ ಹಳೇ ನೆಟ್‌ವರ್ಕ್ ಭಾಷೆಗಳನ್ನು ಹಾಕಿಕೊಂಡು ಸುಮ್ಮನಿರುವ ಕಾಲದ್ದು. ಆಡ್ ಒತ್ತಿ, ಪ್ರೊಟೊಕಾಲ್, ಮೈಕ್ರೋಸಾಫ್ಟ್, ಟಿಸಿಪಿ ಐಪಿ ಅಂತ ನಾವೇ ಸೇರಿಸಬೇಕು.

ಎಕ್ಸ್‌ಪಿಯಲ್ಲಿ ವಿನ್‌ಐಪಿಸಿಎಫ್‌ಜಿ ಇಲ್ಲ. ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ (ipconfig) ಕೊಡಬೇಕು. ಉಳಿದದ್ದು ಇದೇ.

ಪಿಂಗ್ ಸುಳ್ಳೂ ಹೇಳುತ್ತದೆ

ಡಾಸ್ ಪ್ರಾಂಪ್ಟ್ ತೆರೆದು 10.0.2.2ಕ್ಕೆ ಪಿಂಗ್ ಮಾಡಿ, ಅಂದರೆ 'ಇದ್ದೀಯಾ?' ಅಂತ ಕೇಳುವ ಕಮಾಂಡ್ ಕೊಡಿ. ಉತ್ತರ ಬಂದರೆ ಎಮ್ಯುಲೇಟರಿನ ಬಾಗಿಲವರೆಗೆ ದಾರಿ ಸರಿ ಇದೆ.

ಮುಂದೆ ಎಲ್ಲರೂ ಮಾಡುವುದು ಹೊರಗಿನ ಯಾವುದೋ ವಿಳಾಸಕ್ಕೆ ಪಿಂಗ್. ಉತ್ತರ ಬರದಿದ್ದರೆ ನೆಟ್ ಇಲ್ಲ ಅಂತ ತೀರ್ಮಾನ. ಇದು ತಪ್ಪು. ಈ ಥರದ ನ್ಯಾಟ್ ನಿಜವಾದ ರೌಟರ್ ಅಲ್ಲ. ಒಳಗಿನಿಂದ ಬಂದ ಟಿಸಿಪಿ, ಯುಡಿಪಿ (ಪ್ರೋಗ್ರಾಂಗಳು ಡೇಟಾ ಕಳಿಸುವ ಎರಡು ರೀತಿ) ಮಾತನ್ನು ಅದು ಬಿಡಿಸಿ, ಹೊರಗಿನ ಕಂಪ್ಯೂಟರಿನ ಒಂದು ಸಾಮಾನ್ಯ ಪ್ರೋಗ್ರಾಂ ಮಾತಾಡಿದ ಹಾಗೆ ಮತ್ತೆ ಕಳಿಸುತ್ತದೆ. ಪಿಂಗ್ ಬಳಸುವುದು ಇವೆರಡನ್ನೂ ಅಲ್ಲ, ಐಸಿಎಂಪಿ ಅನ್ನುವುದನ್ನು. ಅದನ್ನು ಕಳಿಸಲು ಸಾಮಾನ್ಯ ಪ್ರೋಗ್ರಾಮಿಗೆ ಎಲ್ಲ ಕಡೆ ಅನುಮತಿ ಇರುವುದಿಲ್ಲ. ಕ್ಯೂಎಮುವಿನಲ್ಲಿ ಹೊರಗಿನ ಪಿಂಗ್ ಸತ್ತೇ ಹೋಗಿದ್ದು, ಬ್ರೌಸರ್ ಮಾತ್ರ ಚೆನ್ನಾಗಿ ಓಡುವುದು ಮಾಮೂಲು.

ಆದರೂ ಪಿಂಗ್‌ನಿಂದ ಒಂದು ಉಪಯೋಗ ಇದೆ. ಹೆಸರು ಕೊಟ್ಟು ಪಿಂಗ್ ಮಾಡಿ, ಮೊದಲ ಸಾಲು ಮಾತ್ರ ಓದಿ. ಹೆಸರಿನ ಪಕ್ಕ ಅಂಕಿಯ ವಿಳಾಸ ಬಂತಾದರೆ ಡಿಎನ್‌ಎಸ್, ಅಂದರೆ ಹೆಸರನ್ನು ವಿಳಾಸವಾಗಿ ಬದಲಿಸುವ ವ್ಯವಸ್ಥೆ, ಕೆಲಸ ಮಾಡುತ್ತಿದೆ, ಉತ್ತರ ಬರದಿದ್ದರೂ ಚಿಂತೆ ಇಲ್ಲ. 'ಅನ್‌ನೋನ್ ಹೋಸ್ಟ್' ಬಂದರೆ ಹೆಸರು ಗೊತ್ತಾಗುತ್ತಿಲ್ಲ. ಮಾವನ ಯಂತ್ರದಲ್ಲಿ ಬಂದದ್ದು ಇದೇ. ಡಿಎನ್‌ಎಸ್ ಪುಟ ತೆರೆದು ನೋಡಿದರೆ, ಡಯಲ್ ಅಪ್ ಕಾಲದಲ್ಲಿ ಯಾರೋ ಬರೆದಿಟ್ಟ ಎರಡು ವಿಳಾಸ ಹಾಗೇ ಕೂತಿದ್ದವು. ಅಲ್ಲಿ ಈಗ ಉತ್ತರ ಕೊಡುವವರು ಯಾರೂ ಇಲ್ಲ. ಕೈಯಲ್ಲಿ ಬರೆದದ್ದು ಇದ್ದರೆ ವಿಂಡೋಸ್ 98 ಅದನ್ನೇ ಹಿಡಿದುಕೊಳ್ಳುತ್ತದೆ, ತಾನಾಗಿ ಬಂದದ್ದನ್ನು ಕೇಳುವುದಿಲ್ಲ. ಡಿಸೇಬಲ್ ಡಿಎನ್‌ಎಸ್ ಒತ್ತಿ ರೀಸ್ಟಾರ್ಟ್ ಮಾಡಿ. ಆಗಲೂ ಆಗದಿದ್ದರೆ ಪರೀಕ್ಷೆಗೆ ಗೂಗಲಿನ ಡಿಎನ್‌ಎಸ್ ವಿಳಾಸ 8.8.8.8 ಹಾಕಿ ನೋಡಿ. ಕ್ಯೂಎಮು ಮತ್ತು 86ಬಾಕ್ಸಿನಲ್ಲಾದರೆ 10.0.2.3.

ಬ್ರೌಸರ್ ತೆರೆಯದಿದ್ದರೆ

ಇಲ್ಲಿಯವರೆಗೆ ಎಲ್ಲ ಸರಿ ಇದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾತ್ರ ಹಟ ಹಿಡಿದರೆ, ಇಂಟರ್ನೆಟ್ ಆಪ್ಷನ್ಸ್‌ನ ಕನೆಕ್ಷನ್ಸ್ ಪುಟ ನೋಡಿ. 'ನೆವರ್ ಡಯಲ್ ಎ ಕನೆಕ್ಷನ್' ಆರಿಸಿ. ಆಮೇಲೆ ಲ್ಯಾನ್ ಸೆಟ್ಟಿಂಗ್ಸ್. ಯಾವುದೋ ಸೈಬರ್ ಕೆಫೆ ಮುಚ್ಚುವಾಗ ಕೊಂಡ ಯಂತ್ರ ಆಗಿದ್ದರೆ ಅಲ್ಲಿ ಪ್ರಾಕ್ಸಿ ಸರ್ವರ್ ಅಂತ ಒಂದು ವಿಳಾಸ ಇದ್ದೇ ಇರುತ್ತದೆ. ಆ ಕೆಫೆ ಹೋಗಿ ಅಲ್ಲಿ ಮೊಬೈಲ್ ಅಂಗಡಿ ಬಂದು ಎಷ್ಟೋ ವರ್ಷ ಆಗಿರುತ್ತದೆ, ಬ್ರೌಸರ್ ಮಾತ್ರ ಇನ್ನೂ ಅದರ ಬಾಗಿಲು ತಟ್ಟುತ್ತಿರುತ್ತದೆ. ಟಿಕ್ ತೆಗೆಯಿರಿ. ಫೈಲ್ ಮೆನುವಿನಲ್ಲಿ 'ವರ್ಕ್ ಆಫ್‌ಲೈನ್' ಟಿಕ್ ಇದ್ದರೆ ಅದನ್ನೂ.

ಪರೀಕ್ಷೆಗೆ ಯಾವ ಪುಟ ತೆರೆಯುತ್ತೀರಿ ಅನ್ನುವುದು ಮುಖ್ಯ. ಗೂಗಲ್, ಬ್ಯಾಂಕು, ಸುದ್ದಿ ಪುಟ ಯಾವುದೂ ಬೇಡ. ಈಗಿನ ಹೆಚ್ಚಿನ ಪುಟಗಳು ಟಿಎಲ್‌ಎಸ್ (ಡೇಟಾವನ್ನು ಗುಟ್ಟಾಗಿ ಕಳಿಸುವ ಭಾಷೆ) 1.2 ಕೇಳುತ್ತವೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ಟಿಎಲ್‌ಎಸ್ 1.0ಕ್ಕಿಂತ ಮುಂದೆ ಗೊತ್ತಿಲ್ಲ, ಅದೂ ಮೊದಲಿಗೆ ಆಫ್ ಆಗಿರುತ್ತದೆ. 2021ರ ಮಾರ್ಚ್‌ನಲ್ಲಿ 1.0 ಮತ್ತು 1.1 ಎರಡನ್ನೂ ಅಧಿಕೃತವಾಗಿ ಕೈಬಿಟ್ಟಾಗಿದೆ. ಅಂದರೆ ಆ ಪುಟ ತೆರೆಯದಿರುವುದು ನೆಟ್‌ವರ್ಕಿನ ದೋಷ ಅಲ್ಲ. ಬಸ್ ಉಡುಪಿಗೆ ಬಂದಿದೆ, ಮನೆಯವರು ಬಾಗಿಲು ತೆಗೆಯುತ್ತಿಲ್ಲ ಅಷ್ಟೆ. ಟಿಎಲ್‌ಎಸ್ ಕೇಳದೆ ಸಾದಾ ಎಚ್‌ಟಿಟಿಪಿಯಲ್ಲೇ ಸಿಗುವ ಪುಟ ತೆರೆದು ನೋಡಿ. ಸರ್ನ್ ಸಂಸ್ಥೆಯವರು ಜಗತ್ತಿನ ಮೊದಲ ವೆಬ್‌ಸೈಟಿನ ಹೆಸರು ಉಳಿಸಿಕೊಂಡಿದ್ದಾರೆ: ಇನ್ಫೋ ಚುಕ್ಕೆ ಸರ್ನ್ ಚುಕ್ಕೆ ಸಿಎಚ್. ಹಳೇ ಬ್ರೌಸರಿನಲ್ಲಿ ಅದು ಚಕ್ಕಂತ ತೆರೆಯುತ್ತದೆ. ಮಾವನ ಸ್ಕ್ರೀನಿನಲ್ಲಿ ಅದು ಬಂದಾಗ ರಾತ್ರಿ ಒಂದೂವರೆ ಗಂಟೆ. ನನಗೆ ಆದ ಖುಷಿ ನೋಡಿ ಅತ್ತೆ ಏನೋ ಲಾಟರಿ ಹೊಡೆದಿರಬೇಕು ಅಂದುಕೊಂಡರು.

ಫೈಲ್ ಹೊರಗೆ ತರುವುದು

ನಮಗೆ ಬೇಕಾದದ್ದು ಇದು. ಬ್ರೌಸರ್ ಯಾರಿಗೆ ಬೇಕು!

ಒಂದು ಮಾತು ಮೊದಲೇ ಹೇಳಿಬಿಡಬೇಕು. ಒಂದೇ ಸಲ ಹಳೇ ಫೈಲ್ ಎಲ್ಲ ತೆಗೆದಿಟ್ಟುಕೊಂಡರೆ ಸಾಕು ಅನ್ನುವವರಿಗೆ ನೆಟ್‌ವರ್ಕೇ ಬೇಡ. ಯಂತ್ರ ಪೂರ್ತಿ ಆಫ್ ಮಾಡಿ, ಅದರ ಡಿಸ್ಕ್ ಫೈಲನ್ನು ಹೊರಗಿನ ಕಂಪ್ಯೂಟರಿನಲ್ಲಿ 7-ಜಿಪ್‌ನಿಂದ ತೆರೆಯಿರಿ. ವಿಡಿಐ, ವಿಎಚ್‌ಡಿ ಅನ್ನುವ ಎರಡೂ ಬಗೆಯ ಡಿಸ್ಕ್ ಫೈಲ್ ಅದಕ್ಕೆ ಅರ್ಥ ಆಗುತ್ತವೆ. ಬೇಕಾದ ಫೋಲ್ಡರ್ ಎಳೆದುಕೊಳ್ಳಿ. ಸ್ನ್ಯಾಪ್‌ಶಾಟ್ ತೆಗೆದಿದ್ದರೆ ಅದರ ನಂತರ ಬದಲಾದದ್ದು ಬೇರೆ ಫೈಲಿನಲ್ಲಿ ಇರುತ್ತದೆ, ಅದು ನೆನಪಿರಲಿ. ಇದು ನನಗೆ ಗೊತ್ತಾದದ್ದು ಮೂರನೇ ರಾತ್ರಿ ಕಳೆದ ಮೇಲೆ. ಎಕ್ಸ್‌ಪಿ ಇದ್ದವರು ವರ್ಚುವಲ್‌ಬಾಕ್ಸಿನ ಜೊತೆ ಬರುವ ಗೆಸ್ಟ್ ಅಡಿಷನ್ಸ್ ಅನ್ನುವ ಡ್ರೈವರ್ ಕಟ್ಟನ್ನು ಒಳಗೆ ಹಾಕಿ ಶೇರ್ಡ್ ಫೋಲ್ಡರ್ ಬಳಸಬಹುದು. ವಿಂಡೋಸ್ 98ಕ್ಕೆ ಆ ಅಡಿಷನ್ಸ್ ಇಲ್ಲ.

ಮಾವನಿಗೆ ಮಾತ್ರ ಇದು ದಿನದ ಕೆಲಸ. ಪೇಜ್‌ಮೇಕರಿನಲ್ಲಿ ಹೆಸರು ಬದಲಿಸಬೇಕು, ಫೈಲ್ ಹೊರಗೆ ಬರಬೇಕು, ಗಿರಾಕಿಗೆ ವಾಟ್ಸಾಪ್ ಮಾಡಬೇಕು. ಪ್ರತಿ ಸಲ ಯಂತ್ರ ಆಫ್ ಮಾಡಿಕೊಂಡು ಕೂತರೆ ಆದೀತಾ?

ನೆಟ್‌ವರ್ಕ್ ನೈಬರ್‌ಹುಡ್ ಮೂಲಕ ಹೊರಗಿನ ಶೇರ್ ಫೋಲ್ಡರ್ ಹುಡುಕುವುದು ಎಲ್ಲರ ಮೊದಲ ಯೋಚನೆ. ಬಿಡಿ. ಫೈಲ್ ಹಂಚಿಕೊಳ್ಳಲು ಹಳೇ ವಿಂಡೋಸ್ ಆಡುವುದು ಎಸ್‌ಎಂಬಿ 1 ಭಾಷೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ವೈರಸ್ ಜಗತ್ತೆಲ್ಲ ಸುತ್ತಿದ್ದು ಅದರ ತೂತಿನಿಂದಲೇ. ಅದೇ ವರ್ಷದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಹಾಕುವಾಗ ಎಸ್‌ಎಂಬಿ 1ರ ಸರ್ವರ್ ಭಾಗ ಬರುವುದಿಲ್ಲ. ಅದನ್ನು ಮತ್ತೆ ಆನ್ ಮಾಡುವ ದಾರಿ ಇದೆ. ಒಂದು ಹಳೇ ಯಂತ್ರಕ್ಕಾಗಿ ಹೊಸ ಲ್ಯಾಪ್‌ಟಾಪಿನ ಬಾಗಿಲು ಮುರಿಯುವುದು ನನಗೆ ಸರಿ ಕಾಣುವುದಿಲ್ಲ. ಶುರುವಿನಲ್ಲಿ ಬರುವ ನೆಟ್‌ವರ್ಕ್ ಪಾಸ್‌ವರ್ಡ್ ಕಿಟಕಿಗೆ ಮಾವ ಇಪ್ಪತ್ತು ವರ್ಷದಿಂದ ಎಸ್ಕೇಪ್ ಒತ್ತಿಯೇ ಅಭ್ಯಾಸ. ಹಾಗೆ ಒತ್ತಿದರೆ ನೈಬರ್‌ಹುಡ್ ಹೇಗೂ ತೆರೆಯುವುದಿಲ್ಲ. ಇಂಟರ್ನೆಟ್ಟಿಗೆ, ಎಫ್‌ಟಿಪಿಗೆ (ನೆಟ್‌ವರ್ಕಿನಲ್ಲಿ ಫೈಲ್ ಸಾಗಿಸುವ ಹಳೇ ವಿಧಾನ) ಅದರಿಂದ ಅಡ್ಡಿ ಇಲ್ಲ.

ಹಾಗಾಗಿ ಎಫ್‌ಟಿಪಿ. ಹೊರಗಿನ ಲ್ಯಾಪ್‌ಟಾಪಿನಲ್ಲಿ ಫೈಲ್‌ಜಿಲ್ಲಾ ಸರ್ವರ್ ಹಾಕಿ. ಒಬ್ಬ ಬಳಕೆದಾರ, ಒಂದು ಪಾಸ್‌ವರ್ಡ್, ಒಂದು ಖಾಲಿ ಫೋಲ್ಡರ್ ಕೊಡಿ. ಇಡೀ ಡ್ರೈವ್ ಕೊಡಬೇಡಿ. ಫೈರ್‌ವಾಲ್ ಕೇಳಿದರೆ ಪ್ರೈವೇಟ್ ನೆಟ್‌ವರ್ಕಿಗೆ ಮಾತ್ರ ಒಪ್ಪಿಗೆ ಕೊಡಿ.

ಒಳಗಿನಿಂದ ಯಾವ ವಿಳಾಸಕ್ಕೆ ಹೋಗಬೇಕು? 10.0.2.2 ಅಂದರೆ ಹೊರಗಿನ ಕಂಪ್ಯೂಟರೇ ಅಂತ ಹಳೇ ಸಲಹೆಗಳಲ್ಲಿ ಇರುತ್ತದೆ. ಕ್ಯೂಎಮುವಿನಲ್ಲಿ ಅದು ನಡೆಯುತ್ತದೆ. ವರ್ಚುವಲ್‌ಬಾಕ್ಸಿನ ಹೊಸ ಆವೃತ್ತಿಗಳಲ್ಲಿ ಹೊಸದಾಗಿ ಮಾಡಿದ ಯಂತ್ರಗಳಿಗೆ ಆ ದಾರಿ ಮೊದಲೇ ಮುಚ್ಚಿರುತ್ತದೆ. ಸುಲಭ ಏನೆಂದರೆ, ಲ್ಯಾಪ್‌ಟಾಪಿಗೆ ನಿಮ್ಮ ರೌಟರ್ ಕೊಟ್ಟ ವಿಳಾಸವನ್ನೇ ಬಳಸಿ, 192.168.1.5 ಥರದ್ದು. ಇನ್ನೊಂದು ಲಾಭವೂ ಇದೆ, ಕೆಳಗೆ ಹೇಳುತ್ತೇನೆ.

ಈಗ ಒಳಗಿನ ಡಾಸ್ ಪ್ರಾಂಪ್ಟಿನಲ್ಲಿ ಎಫ್‌ಟಿಪಿ ಅಂತ ಕೊಟ್ಟು, ಮುಂದೆ ಆ ವಿಳಾಸ ಕೊಟ್ಟೆ. ಸರ್ವರ್ ಓಗೊಟ್ಟಿತು. ಹೆಸರು ಕೊಟ್ಟೆ. '503 ಯೂಸ್ ಆಥ್ ಫಸ್ಟ್' ಅಂತ ಬಂತು. ಅಂದರೆ ಸರ್ವರ್ ಗುಟ್ಟಿನ ಭಾಷೆಯಲ್ಲೇ ಮಾತಾಡಬೇಕು ಅನ್ನುತ್ತಿದೆ, 98ಕ್ಕೆ ಅದು ಬರುವುದಿಲ್ಲ. ಸರ್ವರಿನ ಸೆಟ್ಟಿಂಗಿನಲ್ಲಿ ಟಿಎಲ್‌ಎಸ್ ಇಲ್ಲದ ಸಾದಾ ಎಫ್‌ಟಿಪಿಗೂ ಒಪ್ಪಿಗೆ ಕೊಟ್ಟೆ. ಮತ್ತೆ ಹೆಸರು, ಪಾಸ್‌ವರ್ಡ್. ಲಾಗಿನ್ ಆಯಿತು! ಫೈಲುಗಳ ಪಟ್ಟಿ ಕೇಳುವ ಡಿಐಆರ್ ಕಮಾಂಡ್ ಕೊಟ್ಟೆ. ಕರ್ಸರ್ ಮಿಣುಕುತ್ತಾ ನಿಂತಿತು. ಚಾ ಕುಡಿದು ಬಂದೆ. ಇನ್ನೂ ಮಿಣುಕುತ್ತಿತ್ತು.

ಲಾಗಿನ್ ಆಗಿ ಪಟ್ಟಿ ಬರದಿದ್ದರೆ ಕಾರಣ ಹೆಚ್ಚಾಗಿ ಒಂದೇ. ಎಫ್‌ಟಿಪಿ ಎರಡು ದಾರಿ ಬಳಸುತ್ತದೆ, ಮಾತಿಗೊಂದು, ಸಾಮಾನಿಗೊಂದು. ವಿಂಡೋಸಿನ ಸ್ವಂತ ಎಫ್‌ಟಿಪಿ ಕಮಾಂಡಿಗೆ ಗೊತ್ತಿರುವುದು ಆ್ಯಕ್ಟಿವ್ ಮೋಡ್ ಮಾತ್ರ. ಅದರಲ್ಲಿ ಸಾಮಾನಿನ ದಾರಿಯನ್ನು ಸರ್ವರ್ ತೆರೆಯಬೇಕು, ಅಂದರೆ ಸರ್ವರ್ ತಾನಾಗಿ 10.0.2.15ಕ್ಕೆ ಬರಬೇಕು. ಹೊರಗಿನವರು ಒಳಗೆ ಬರಲಾರರು ಅಂತ ಮೇಲೆ ಖುಷಿಯಿಂದ ಹೇಳಿದ್ದೆನಲ್ಲ, ಅದೇ ಇಲ್ಲಿ ಕಾಲಿಗೆ ತೊಡರಿತು.

ಪ್ಯಾಸಿವ್ ಮೋಡ್ ಇರುವ ಪ್ರೋಗ್ರಾಂ ಬೇಕು. ಅದರಲ್ಲಿ ಎರಡೂ ದಾರಿಯನ್ನು ಒಳಗಿನವರೇ ತೆರೆಯುತ್ತಾರೆ. ಟೋಟಲ್ ಕಮಾಂಡರಿನ 32 ಬಿಟ್ ಆವೃತ್ತಿ ವಿಂಡೋಸ್ 98ರಲ್ಲಿ ಓಡುತ್ತದೆ, ಅದರ ಎಫ್‌ಟಿಪಿ ಕನೆಕ್ಷನ್ ಕಿಟಕಿಯಲ್ಲಿ ಪ್ಯಾಸಿವ್ ಅನ್ನುವ ಟಿಕ್ ಇದೆ. ಅದನ್ನು ಒಳಗೆ ಕಳಿಸುವುದು ಹೇಗೆ? ಒಂದು ಐಎಸ್‌ಒ ಫೈಲ್ ಮಾಡಿ, ವರ್ಚುವಲ್‌ಬಾಕ್ಸಿನಲ್ಲಿ ಸಿಡಿಯಂತೆ ಹಾಕಿ. ಒಳಗೆ ತರಲು ಯಾವಾಗಲೂ ಇದೇ ಸುಲಭ.

ಪ್ಯಾಸಿವ್‌ನಲ್ಲಿ ಸರ್ವರ್ 'ಈ ವಿಳಾಸಕ್ಕೆ ಬಾ' ಅಂತ ತನ್ನ ವಿಳಾಸ ಹೇಳುತ್ತದೆ. 10.0.2.2ರ ಮೂಲಕ ಹೋಗಿದ್ದರೆ ಅದು 127.0.0.1 ಅಂತ ಹೇಳಬಹುದು. ಒಳಗಿನ ವಿಂಡೋಸ್ ಅದನ್ನು ನಂಬಿ ತನ್ನ ಮನೆ ಬಾಗಿಲನ್ನೇ ತಟ್ಟುತ್ತದೆ. ರೌಟರ್ ಕೊಟ್ಟ ವಿಳಾಸ ಬಳಸಿದರೆ ಈ ಗೊಂದಲ ಇಲ್ಲ. ಆ ಇನ್ನೊಂದು ಲಾಭ ಇದು.

86ಬಾಕ್ಸ್ ಮತ್ತು ಡಾಸ್

ಮಂಗಳೂರು ಬಂದರಿನ ಒಂದು ಅಡಿಕೆ ಮಂಡಿಯಲ್ಲಿ ಡಾಸ್ ಕಾಲದ ಲೆಕ್ಕದ ಪ್ರೋಗ್ರಾಂ ಇನ್ನೂ ಇದೆ ಅಂತ ಗೆಳೆಯನೊಬ್ಬ ಕರೆದ. ಅವನು 86ಬಾಕ್ಸಿನಲ್ಲಿ ಎನ್‌ಇ2000 ಕಾರ್ಡ್ ಹಾಕಿದ್ದ. ಇದು ಹಳೇ ಐಎಸ್‌ಎ ಸ್ಲಾಟಿನ ನೆಟ್‌ವರ್ಕ್ ಕಾರ್ಡ್, ತನ್ನ ಜಾಗ ತಾನೇ ಹುಡುಕಿಕೊಳ್ಳುವುದಿಲ್ಲ. ಐಆರ್‌ಕ್ಯೂ (ಕಾರ್ಡ್ ಪ್ರೊಸೆಸರನ್ನು ಕರೆಯುವ ಗಂಟೆಯ ಸಂಖ್ಯೆ) 3 ಕೊಟ್ಟರೆ ಎರಡನೇ ಸೀರಿಯಲ್ ಪೋರ್ಟ್ ಜೊತೆ ಜಗಳ, 5 ಕೊಟ್ಟರೆ ಸೌಂಡ್ ಬ್ಲಾಸ್ಟರ್ ಜೊತೆ, 7 ಕೊಟ್ಟರೆ ಪ್ರಿಂಟರ್ ಪೋರ್ಟ್ ಜೊತೆ. 10 ಕೊಟ್ಟು, ವಿಳಾಸ ಹೆಕ್ಸ್ 300ರಲ್ಲೇ ಬಿಟ್ಟೆ. 86ಬಾಕ್ಸಿನಲ್ಲಿ ಯಾವ ಅಂಕಿ ಇದೆಯೋ ಡಾಸ್‌ನಲ್ಲಿ ಕಾರ್ಡನ್ನು ನಡೆಸುವ ಪ್ಯಾಕೆಟ್ ಡ್ರೈವರಿಗೂ ಅದೇ ಅಂಕಿ ಕೊಡಬೇಕು. ಅವನದು ಅಲ್ಲಿ 3, ಇಲ್ಲಿ 10 ಆಗಿತ್ತು, ಅಷ್ಟೇ ಸಮಸ್ಯೆ. ಮುಂದಿನದಕ್ಕೆ ಎಂಟಿಸಿಪಿ ಅನ್ನುವ ಡಾಸ್ ಪ್ರೋಗ್ರಾಂಗಳ ಕಟ್ಟು ಸಾಕು, ತಾನಾಗಿ ವಿಳಾಸ ಪಡೆಯುವ ಡಿಎಚ್‌ಸಿಪಿಯಿಂದ ಎಫ್‌ಟಿಪಿವರೆಗೆ ಎಲ್ಲ ಅದರಲ್ಲಿದೆ. ವಿಂಡೋಸ್ 98 ಓಡಿಸುವವರು ಅದೇ ಜಾತಿಯ ಪಿಸಿಐ ಕಾರ್ಡ್ ರಿಯಲ್‌ಟೆಕ್ 8029 ಹಾಕಿಕೊಳ್ಳಿ, ಅಂಕಿ ಹೊಂದಿಸುವ ಗೋಜೇ ಇಲ್ಲ.

ಕಳಿಸುವ ಮೊದಲು ಬೈನರಿ

ಕಮಾಂಡ್ ಲೈನ್ ಎಫ್‌ಟಿಪಿ ಬಳಸುವುದಾದರೆ ಲಾಗಿನ್ ಆದ ಕೂಡಲೇ ಬೈನರಿ ಅಂತ ಟೈಪ್ ಮಾಡಿ. ಇಲ್ಲದಿದ್ದರೆ ಅದು ಎಲ್ಲವನ್ನೂ ಬರಿಯ ಅಕ್ಷರದ ಫೈಲ್ ಅಂದುಕೊಂಡು ಸಾಲಿನ ಕೊನೆಯ ಗುರುತುಗಳನ್ನು ತಿದ್ದಲು ಹೋಗುತ್ತದೆ. ಚಿತ್ರ, ಫಾಂಟ್, ಪೇಜ್‌ಮೇಕರಿನ ಪಿ65 ಫೈಲ್ ಹಾಳಾಗಬಹುದು. ಕಳಿಸಿದ ಮೇಲೆ ಎರಡೂ ಕಡೆ ಫೈಲಿನ ಅಳತೆ ಬೈಟ್ ಲೆಕ್ಕದಲ್ಲಿ ಒಂದೇ ಇದೆಯಾ ನೋಡಿ.

ಕೆಲಸ ಮುಗಿದ ಮೇಲೆ ಕೇಬಲ್ ಟಿಕ್ ತೆಗೆಯಿರಿ. ಯಂತ್ರ ಓಡುತ್ತಿರುವಾಗಲೇ ಕೆಳಗಿನ ನೆಟ್‌ವರ್ಕ್ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ತೆಗೆಯಬಹುದು. ಮಾವನಿಗೆ ಇದು ಬಹಳ ಹಿಡಿಸಿದೆ. ಮೊದಲು ಸಿಡಿಲು ಬಂದರೆ ಓಡಿಹೋಗಿ ಪ್ಲಗ್ ಕೀಳುತ್ತಿದ್ದರು, ಈಗ ಟಿಕ್ ತೆಗೆದು ಕೂರುತ್ತಾರೆ. ಲ್ಯಾಪ್‌ಟಾಪಿನ ಚಾರ್ಜರನ್ನೂ ಕೀಳಬೇಕು ಅಂತ ನಾನು ಇನ್ನೂ ಹೇಳುತ್ತಲೇ ಇದ್ದೇನೆ.

ಹೊರಗೆ ಬಂದ ಫೈಲ್ ತೆರೆದಾಗ ಕನ್ನಡದ ಜಾಗದಲ್ಲಿ ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆ ಕಂಡರೆ ಗಾಬರಿಯಾಗಿ ಮತ್ತೆ ನೆಟ್‌ವರ್ಕಿಗೆ ಕೈ ಹಾಕಬೇಡಿ. ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದವು. ಹೊರಗೆ ಆ ಫಾಂಟ್ ಇಲ್ಲ, ಅಷ್ಟೆ. ಒಳಗಿನ ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ಅದನ್ನೂ ಇದೇ ದಾರಿಯಲ್ಲಿ ತನ್ನಿ, ಬೈನರಿಯಲ್ಲಿ.